ಕಲಬುರಗಿಯ ಎದೆ ದವಾಖಾನೆ: ಚಿಲುಮೆ ಸೇದುವವರಿಗಾಗಿ ಬರೆದದ್ದು

ನಾನು ಜೇವರ್ಗಿ ಕಡೆಯವನು, ವಯಸ್ಸು 46. ಮೂರು ಎಕರೆ ತೊಗರಿ ಹೊಟ್ಟೆಗೆ, ಅಮಾವಾಸ್ಯೆ ಭಜನೆಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವುದು ಜೀವಕ್ಕೆ. 18 ವರ್ಷ ಚಿಲುಮೆ ಸೇದಿದ್ದೇನೆ. ಗಾಂಜಾ, ಅದರೊಳಗೆ ಚಿಟಿಕೆ ತಂಬಾಕು. ಮೂರು ವರ್ಷದಿಂದ ಕೆಮ್ಮು ಹಿಡಿದಿತ್ತು. ಬೆಳಿಗ್ಗೆ ಎದ್ದರೆ ಬಚ್ಚಲಲ್ಲಿ ಅರ್ಧ ತಾಸು ಕಫ ಉಗುಳುವುದೇ ಕೆಲಸ. ಹಾಡುವಾಗ ಪಲ್ಲವಿಯ ಕೊನೆಯ ಅಕ್ಷರ ಮುಟ್ಟುವ ಮೊದಲೇ ದಮ್ಮು ಮುಗಿದುಹೋಗುತ್ತಿತ್ತು. ಹಿಂದೆ ಕೂತವರು ಆ ಸಾಲು ಎತ್ತಿಕೊಂಡು ನನ್ನ ಮಾನ ಉಳಿಸುತ್ತಿದ್ದರು.

ಮೊದಲು ಎರಡು ಕಡೆ ತೋರಿಸಿದ್ದೆ, ಹೆಸರು ಬೇಡ. ‘ಬೀಡಿ, ಸಿಗರೇಟು ಸೇದ್ತೀರೇನ್ರಿ?’ ಅಂತ ಕೇಳಿದರು. ‘ಇಲ್ರಿ’ ಅಂದೆ. ಕೇಳಿದ್ದಕ್ಕೆ ಉತ್ತರ ಸರಿಯೇ ಇತ್ತು. ಸಿರಪ್ ಬರೆದುಕೊಟ್ಟರು, ಗುಳಿಗೆ ಬರೆದುಕೊಟ್ಟರು. ನಾನೂ ಬಾಯಿ ಬಿಡಲಿಲ್ಲ. ಗಾಂಜಾ ಅಂದರೆ ಪೊಲೀಸರ ತನಕ ಹೋದೀತು ಎಂಬ ಅಂಜಿಕೆ.

ಈ ದವಾಖಾನೆಗೆ ಕರೆದುಕೊಂಡು ಹೋದವನು ನನ್ನ ಅಕ್ಕನ ಮಗ. ಕಲಬುರಗಿಯಲ್ಲಿ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಸೂಪರ್ ಮಾರ್ಕೆಟ್‌ನಿಂದ ನಡೆದೇ ಹೋಗಬಹುದು. ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಬರೆಯುತ್ತಲೇ ಒಂದೇ ಉಸಿರಿನಲ್ಲಿ ಕೇಳಿದರು: ‘ಬೀಡಿ, ಸಿಗರೇಟು, ಗಾಂಜಾ, ಒಲಿ ಹೊಗಿ, ಯಾವುದದ ಕಾಕಾ?’ ನಾನು ಸುಮ್ಮನೆ ಕೂತೆ. ಅವರು ಪೆನ್ನು ಕೆಳಗಿಟ್ಟು, ‘ನಾ ಪೊಲೀಸ್ ಅಲ್ರಿ. ಎದಿಯೊಳಗ ಏನ್ ಹೋಗ್ಯಾದ ಅಂತ ಗೊತ್ತಿಲ್ದ ಔಷಧ ಹ್ಯಾಂಗ ಕೊಡ್ಲಿ?’ ಅಂದರು. 18 ವರ್ಷದ್ದೆಲ್ಲ ಹೇಳಿದೆ. ಒಂದು ಮಾತೂ ಬೈಯಲಿಲ್ಲ. ಈ ಒಂದು ಪ್ರಶ್ನೆಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು.

ಮೊದಲು ಎಕ್ಸ್‌ರೇ, ಆಮೇಲೆ ಕಫ ಪರೀಕ್ಷೆ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಟಿಬಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕಂತೆ. ಬಾಗಿಲು ಹಾಕಿದ ಕೋಣೆಯಲ್ಲಿ ಒಂದೇ ಚಿಲುಮೆ ಐದಾರು ಮಂದಿಯ ಕೈಗೆ ಹೋಗುವ ನಮ್ಮಂಥವರಿಗಂತೂ ಬೇಕೇ ಬೇಕು, ಒಬ್ಬ ಕೆಮ್ಮಿದ ಗಾಳಿಯನ್ನೇ ಎಲ್ಲರೂ ಎಳೆದುಕೊಳ್ಳುತ್ತೇವೆ. ಕಫದ ಪರೀಕ್ಷೆಗೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ, ಪುಕ್ಕಟೆ ಆಗುತ್ತದೆ ಅಂತ ಸರ್ಕಾರಿ ಆಸ್ಪತ್ರೆಗೆ ಚೀಟಿ ಕೊಟ್ಟರು. ಟಿಬಿ ಇರಲಿಲ್ಲ.

ಆಮೇಲೆ ಊದುವ ಪರೀಕ್ಷೆ, ಸ್ಪೈರೊಮೆಟ್ರಿ. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. ಎದೆ ತುಂಬ ಎಳೆದು, ಒಮ್ಮೆಲೇ ಜೋರಾಗಿ ಬಿಟ್ಟು, ಉಸಿರು ಪೂರಾ ಖಾಲಿಯಾಗುವ ತನಕ ಬಿಡುತ್ತಲೇ ಇರಬೇಕು. ಪರೀಕ್ಷೆ ಮಾಡುವ ಹುಡುಗ ‘ಬಿಡ್ರಿ, ಬಿಡ್ರಿ, ಇನ್ನ ಬಿಡ್ರಿ!’ ಅಂತ ಹುರುಪು ತುಂಬುತ್ತಾನೆ. ಹಾಡುವವನಿಗೆ ಉಸಿರನ್ನು ಉಳಿಸಿ ಉಳಿಸಿ ಬಿಟ್ಟು ರೂಢಿ, ಹಾಗಾಗಿ ನನ್ನ ಮೊದಲ ಎರಡು ಸಲ ಕೆಟ್ಟವು. ಅವನು ಬೇಸರಪಡದೆ ಐದು ಸಲ ಮಾಡಿಸಿದ. ಮೂರು ಒಳ್ಳೆಯವು ಸಿಗುವ ತನಕ ಬಿಡುವಂತಿಲ್ಲವಂತೆ. ನಂತರ ಉಸಿರಿನ ಕೊಳವೆ ಅಗಲಿಸುವ ಸಾಲ್ಬುಟಮಾಲ್ ಔಷಧದ ಪಂಪು ಕೊಟ್ಟು, 15 ನಿಮಿಷ ಕೂರಿಸಿ, ಮತ್ತೆ ಊದಿಸಿದ. ಒಟ್ಟು ಉಸಿರಿನಲ್ಲಿ ಮೊದಲ ಸೆಕೆಂಡಿಗೇ ಎಷ್ಟು ಹೊರಬಿತ್ತು ಎಂಬ ಲೆಕ್ಕ ಅದು. ಪಂಪಿನ ನಂತರವೂ ನೂರಕ್ಕೆ 70ಕ್ಕಿಂತ ಕಡಿಮೆ ಬಂದರೆ ಉಸಿರಿನ ಕೊಳವೆಗಳು ಕಟ್ಟಿಕೊಂಡಿವೆ ಎಂದರ್ಥ. ನನ್ನದು 72, ಅಷ್ಟು ಕೆಟ್ಟಿರಲಿಲ್ಲ. ಆದರೂ ವರ್ಷಕ್ಕೆ ಮೂರು ತಿಂಗಳಂತೆ ಸಾಲಾಗಿ ಎರಡು ವರ್ಷ ಕಫದ ಕೆಮ್ಮು ಇದ್ದುದರಿಂದ ‘ಕ್ರಾನಿಕ್ ಬ್ರಾಂಕೈಟಿಸ್’, ಅಂದರೆ ಶ್ವಾಸನಾಳದ ಹಳೆಯ ಉರಿಯೂತ, ಎಂದು ಬರೆದರು.

‘ದಿನಾ ಮೂರೇ ಚಿಲುಮಿ ಅಲ್ರಿ?’ ಅಂದೆ. ಎಣಿಕೆಗಿಂತ ಎಳೆಯುವ ರೀತಿಯಲ್ಲೇ ಕೇಡಿದೆ ಎಂದರು. ಬೀಡಿ ಹೊಗೆಯನ್ನು ಎಳೆದು ಬಿಟ್ಟುಬಿಡುತ್ತಾರೆ. ನಾವು ಆಳಕ್ಕೆ ಎಳೆದು ದಮ್ಮು ಕಟ್ಟಿ ಹಿಡಿಯುತ್ತೇವೆ. ಅಮೆರಿಕದ ಡೊನಾಲ್ಡ್ ಟಾಶ್ಕಿನ್ ಮತ್ತು ಜೊತೆಗಾರರು ಇದನ್ನು ಅಳೆದು 1988ರಲ್ಲಿ ಪ್ರಕಟಿಸಿದ್ದರಂತೆ: ಒಂದು ಸಿಗರೇಟಿಗೆ ಹೋಲಿಸಿದರೆ ಒಂದು ಗಾಂಜಾ ಸುರುಳಿಯಿಂದ ಸುಮಾರು ಮೂರು ಪಟ್ಟು ಟಾರು, ಅಂದರೆ ಹೊಗೆಯ ಅಂಟು ಮಸಿ, ಒಳಗೆ ಹೋಗುತ್ತದೆ, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಏರಿಕೆ ಐದು ಪಟ್ಟಿನ ಹತ್ತಿರ. ಕಫವನ್ನು ಮೇಲಕ್ಕೆ ಗುಡಿಸುವ ಸಣ್ಣ ಕೂದಲಿನಂಥ ಎಳೆಗಳು ಶ್ವಾಸನಾಳದಲ್ಲಿವೆ. ಹೊಗೆಗೆ ಅವು ಸಾಯುತ್ತವೆ, ಆಗ ಕೆಮ್ಮೇ ಕಸಬರಿಗೆಯ ಕೆಲಸ ಮಾಡಬೇಕು. ಇದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ದಮ್ಮು ಹಿಡಿಯುವುದನ್ನು ನಾನು ಕಲಿತದ್ದು ಹಾಡಿಗಾಗಿ, ಅದೇ ವಿದ್ಯೆಯನ್ನು ಚಿಲುಮೆಗೆ ಕೊಟ್ಟಿದ್ದೆ.

ಸಮಾಧಾನದ ಮಾತನ್ನೂ ಅವರೇ ಹೇಳಿದರು. ನ್ಯೂಜಿಲೆಂಡಿನ ಡುನೆಡಿನ್ ಊರಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಹುಟ್ಟಿದಾಗಿನಿಂದ ಗಮನಿಸುತ್ತ ಬಂದಿದ್ದಾರೆ. ಅವರಲ್ಲಿ ಗಾಂಜಾ ಬಿಟ್ಟವರ ಕೆಮ್ಮು, ಕಫ ಇಳಿದು, ಸೇದದವರ ಮಟ್ಟಕ್ಕೆ ಬಂದದ್ದು 2015ರ ವರದಿಯಲ್ಲಿದೆ.

ಬಿಟ್ಟು ನಾಲ್ಕು ತಿಂಗಳಾಯಿತು. ಮೊದಲ ವಾರ ನಿದ್ದೆ ಇಲ್ಲ, ಮನೆಯವಳ ಮೇಲೆ ಸುಮ್ಮಸುಮ್ಮನೆ ಸಿಟ್ಟು, ನಿದ್ದೆ ಹತ್ತಿದರೆ ಕೆಟ್ಟ ಕನಸು. ಕಫ ಕೆಲವು ದಿನ ಹೆಚ್ಚೇ ಬಂತು. ಹೀಗೆಲ್ಲ ಆಗುತ್ತದೆ ಅಂತ ಮೊದಲೇ ಹೇಳಿ ಕಳಿಸಿದ್ದರಿಂದ ತಡೆದುಕೊಂಡೆ. ಮನಸ್ಸು ತೀರಾ ಕೆಟ್ಟ ಒಂದು ರಾತ್ರಿ ಅವರೇ ಬರೆದುಕೊಟ್ಟಿದ್ದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ಈಗ ಬಚ್ಚಲಲ್ಲಿ ಐದು ನಿಮಿಷ ಸಾಕು. ಹೋದ ಅಮಾವಾಸ್ಯೆಗೆ ಪಲ್ಲವಿಯನ್ನು ಕೊನೆಯ ತನಕ ನಾನೇ ಹಾಡಿದೆ.

ಕೊರತೆಗಳೂ ಇವೆ. ದವಾಖಾನೆ ಎರಡನೇ ಮಹಡಿಯಲ್ಲಿದೆ, ನಾನು ಹೋದ ಮೂರು ಸಲವೂ ಲಿಫ್ಟ್ ಕೆಟ್ಟಿತ್ತು. ಉಸಿರು ಸಾಲದೆ ಬರುವವರು 42 ಮೆಟ್ಟಿಲು ಹತ್ತುವುದು ಅನ್ಯಾಯ, ಇದನ್ನು ಅವರ ಮುಂದೆಯೂ ಹೇಳಿ ಬಂದಿದ್ದೇನೆ. ರಿಪೋರ್ಟ್ ಪೂರಾ ಇಂಗ್ಲಿಷಿನಲ್ಲಿದೆ. ಹತ್ತು ಗಂಟೆಗೆ ಹೆಸರು ಹಚ್ಚಿದರೆ ಪಾಳಿ ಬರುವುದು ಮಧ್ಯಾಹ್ನ ಒಂದಕ್ಕೆ, ಕುಡಿಯುವ ನೀರು ನೀವೇ ಒಯ್ಯಬೇಕು. ಡಾಕ್ಟರ್ ಫೀ 400, ಊದುವ ಪರೀಕ್ಷೆ 900, ಎಕ್ಸ್‌ರೇ 350 ಕೊಟ್ಟೆ. ಐದಕ್ಕೆ ನಾಲ್ಕು ನಕ್ಷತ್ರ. ಹೊಟ್ಟೆ ಬಿರಿಯುವಷ್ಟು ಉಂಡು ಹೋಗಬೇಡಿ, ಊದಲಿಕ್ಕೆ ಆಗುವುದಿಲ್ಲ.

ಬರುವ ಮಂಗಳವಾರ ಮತ್ತೆ ಹೋಗುತ್ತಿದ್ದೇನೆ. ನಮ್ಮ ಮೇಳದ ದಮ್ಮಡಿಯವನೂ ಬರುತ್ತೇನೆ ಅಂದಿದ್ದಾನೆ, ಅವನದು ನನಗಿಂತ ಹಳೆಯ ಕೆಮ್ಮು. ಮೊದಲ ಮಹಡಿಯಲ್ಲಿ ಕಿಟಕಿಯ ಹತ್ತಿರ ಒಂದು ಕಟ್ಟೆ ಇದೆ, ಅಲ್ಲಿ ಕೂತು ಸುಧಾರಿಸಿಕೊಂಡು ಮೇಲೆ ಹತ್ತೋಣ ಅಂತ ಅವನಿಗೆ ಹೇಳಿಟ್ಟಿದ್ದೇನೆ.