ಕಾರ್ಕಸೋನ್: ನಾಲ್ಕು ಮಳೆಗಾಲ ಆಡಿದ ಮೇಲೆ

ಕಾರ್ಕಸೋನ್ ಎಂಬ ಆಟದ ಪೆಟ್ಟಿಗೆ ಬಿಚ್ಚಿದ ದಿನ ಅಮ್ಮ ಕೇಳಿದ್ದು ಒಂದೇ ಮಾತು: "ಇಷ್ಟು ರಟ್ಟಿಗೆ ಅಷ್ಟು ದುಡ್ಡು ಕೊಟ್ಟೆಯಾ?" ಅದಾಗಿ ನಾಲ್ಕು ಮಳೆಗಾಲ ಕಳೆದಿವೆ. ಈಗ ಸಂಜೆ ಕರೆಂಟು ಹೋದರೆ ಮೇಣದಬತ್ತಿಗಿಂತ ಮೊದಲು ಆ ಪೆಟ್ಟಿಗೆ ಎಲ್ಲಿ ಎಂದು ವಿಚಾರಿಸುವವರು ಅವರೇ.

ಕಾರ್ಕಸೋನ್ ದಕ್ಷಿಣ ಫ್ರಾನ್ಸಿನ ಒಂದು ಕೋಟೆ ಪಟ್ಟಣ. ಅದರ ಹೆಸರಿಟ್ಟು ಜರ್ಮನಿಯ ಕ್ಲೌಸ್-ಯುರ್ಗೆನ್ ವ್ರೇಡೆ ರೂಪಿಸಿದ ಈ ಆಟ 2000ದಲ್ಲಿ ಹೊರಬಂತು. ಮರುವರ್ಷವೇ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ಪಡೆಯಿತು. ಒಳಗಿರುವುದು 72 ಚೌಕ ಬಿಲ್ಲೆ, ಮರದ ಪುಟ್ಟ ಮನುಷ್ಯರಂತಹ ಕಾಯಿಗಳು, ಅಂಕ ಎಣಿಸುವ ಒಂದು ಹಲಗೆ. ಒಂದೊಂದು ಬಿಲ್ಲೆಯ ಮೇಲೆ ಕೋಟೆಯ ತುಂಡೋ ದಾರಿಯೋ ಮಠವೋ ಹುಲ್ಲುಗಾವಲೋ ಇರುತ್ತದೆ. ಕವುಚಿಟ್ಟದ್ದರಲ್ಲಿ ಒಂದನ್ನು ಎತ್ತಿ, ನೆಲದ ಮೇಲಿರುವ ಬಿಲ್ಲೆಗಳ ಅಂಚಿಗೆ ಅಂಚು ಹೊಂದುವಂತೆ ಇಡಬೇಕು. ಬೇಕೆನಿಸಿದರೆ ಆ ಬಿಲ್ಲೆಯ ಮೇಲೆ ಒಂದು ಕಾಯಿ ಹಾಕಬಹುದು. ಅಷ್ಟೇ. ಏಳು ವರ್ಷದ ಮಗಳು ಮೊದಲ ಸಂಜೆಯೇ ಕಲಿತಳು.

ಚೌಕಾಬಾರದಲ್ಲಿ ಸೋತವರಿಗೆ ಗರ ಬೀಳಲಿಲ್ಲ ಎಂಬ ನೆಪ ಸದಾ ಇರುತ್ತದೆ. ಇಲ್ಲಿಯೂ ಎಂತಹ ಬಿಲ್ಲೆ ಬರುತ್ತದೆ ಎಂಬುದು ಅದೃಷ್ಟವೇ. ಆದರೆ ಕಾಯಿಯ ವಿಷಯ ಬೇರೆ. ನಾಲ್ವರು ಆಡಿದರೆ ಒಬ್ಬೊಬ್ಬರಿಗೆ ಹದಿನೇಳು ಹದಿನೆಂಟು ಸರದಿ ಸಿಗುತ್ತವೆ. ಹಾಕಲು ಇರುವುದು ಏಳೇ ಕಾಯಿ. ಕೋಟೆಯ ಗೋಡೆ ಕೂಡಿಕೊಳ್ಳುವವರೆಗೆ, ಮಠದ ಸುತ್ತ ಎಂಟು ಬಿಲ್ಲೆ ತುಂಬುವವರೆಗೆ, ಅಲ್ಲಿ ನಿಂತ ಕಾಯಿ ಕೈಗೆ ಬಾರದು. ಆಸೆಗೆ ಬಿದ್ದು ಸಿಕ್ಕಲ್ಲೆಲ್ಲ ಹಾಕಿದವರು ಅರ್ಧ ಆಟದಲ್ಲಿ ಬರಿಗೈಯಾಗಿ ಕೂರುತ್ತಾರೆ. ನಾನು ಒಂದು ವರ್ಷ ಹಾಗೆಯೇ ಕೂತೆ.

ಆ ವರ್ಷವೆಲ್ಲ ಇದೊಂದು ಸಾಧು ಆಟ ಎಂದೇ ನಂಬಿದ್ದೆವು. ನಿನ್ನ ಕೋಟೆ ನೀನು ಕಟ್ಟು, ನನ್ನ ದಾರಿ ನಾನು ಹಾಕುತ್ತೇನೆ ಎಂಬಂತೆ. ಒಂದು ಭಾನುವಾರ ಮಗಳು ಎರಡು ಬಿಲ್ಲೆಗಳಲ್ಲಿ ಗುರಾಣಿಯ ಚಿತ್ರವಿದ್ದ ದೊಡ್ಡ ಕೋಟೆ ಬೆಳೆಸುತ್ತಿದ್ದಳು. ಅಮ್ಮ ಪಕ್ಕದಲ್ಲಿ, ಮೂಲೆಗೆ ಮೂಲೆ ತಾಗುವಂತೆ, ಯಾರಿಗೂ ಬೇಡದ ಒಂದು ಗೋಡೆಯ ಚೂರು ಇಟ್ಟು ಅದರಲ್ಲಿ ತಮ್ಮ ಕಾಯಿ ನಿಲ್ಲಿಸಿದರು. ಮೂರು ಸುತ್ತು ಏನೂ ನಡೆಯಲಿಲ್ಲ. ನಾಲ್ಕನೆಯದರಲ್ಲಿ ಕೈಗೆ ಬಂದ ಬಿಲ್ಲೆಯನ್ನು ಕನ್ನಡಕದ ಹತ್ತಿರ ಹಿಡಿದು, ನಾಲ್ಕು ಬಾರಿ ತಿರುಗಿಸಿ, ಮೆಲ್ಲಗೆ ನಡುವೆ ಇಟ್ಟರು. ಎರಡು ಕೋಟೆ ಒಂದಾದವು.

"ಅಜ್ಜಿ, ಅದು ನನ್ನ ಕೋಟೆ!"

"ನಾನೂ ಒಳಗಿದ್ದೇನಲ್ಲ ಪುಟ್ಟಿ."

ಕೋಟೆ ಪೂರ್ತಿಯಾದಾಗ ಬಿಲ್ಲೆಗೆ ಎರಡರಂತೆ ಒಂಬತ್ತಕ್ಕೆ ಹದಿನೆಂಟು, ಗುರಾಣಿಗೆ ಎರಡರಂತೆ ನಾಲ್ಕು, ಒಟ್ಟು 22. ಕಾಯಿ ಸಮವಿದ್ದರೆ ಇಬ್ಬರಿಗೂ ಪೂರ್ತಿ ಅಂಕ ಎಂಬುದು ನಿಯಮ. ಅಮ್ಮನ ಕಾಯಿ ಇನ್ನೊಂದು ಇದ್ದಿದ್ದರೆ ಮಗಳಿಗೆ ಸೊನ್ನೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಯಾರ ನೆರೆಯನ್ನೂ ನಂಬುವುದಿಲ್ಲ, ಆಟಕ್ಕೆ ರುಚಿ ಬಂದದ್ದೂ ಅಂದಿನಿಂದಲೇ.

ತಲೆನೋವು ಎಂದರೆ ರೈತನ ನಿಯಮ. ಹುಲ್ಲುಗಾವಲಿನಲ್ಲಿ ಮಲಗಿಸಿದ ಕಾಯಿಯೇ ರೈತ, ಅದು ಕೊನೆಯವರೆಗೂ ಏಳುವುದಿಲ್ಲ. ಆ ಹುಲ್ಲುಗಾವಲಿಗೆ ತಾಗಿದ, ಪೂರ್ತಿಯಾದ ಒಂದೊಂದು ಕೋಟೆಗೂ ಮೂರು ಅಂಕ. ಯಾವ ಹುಲ್ಲು ಯಾವ ಹುಲ್ಲಿಗೆ ಕೂಡಿದೆ, ದಾರಿ ಎಲ್ಲಿ ಅಡ್ಡ ಬಂದಿದೆ ಎಂದು ಬೆರಳಾಡಿಸುತ್ತಾ ಜಗಳವೇ ಆಗುತ್ತದೆ. ತೀರ್ಥಹಳ್ಳಿ ಕಡೆಯ ಅಮ್ಮನಿಗೆ ಮಾತ್ರ ಇದು ಸಲೀಸು. ಹುಲ್ಲುಗಾವಲನ್ನು ಬ್ಯಾಣ ಎಂದೇ ಕರೆಯುತ್ತಾರೆ, ಬ್ಯಾಣದ ಗಡಿ ತಕರಾರು ಅವರು ಕಾಣದ್ದೇ? ಹೊಸಬರು ಮೊದಲ ಐದಾರು ಆಟ ರೈತನನ್ನು ಬಿಟ್ಟೇ ಆಡುವುದು ಒಳ್ಳೆಯದು.

ಪೆಟ್ಟಿಗೆಯ ಮೇಲೆ 35 ನಿಮಿಷ ಎಂದಿದೆ. ನಮ್ಮಲ್ಲಿ ಒಂದು ಗಂಟೆಯೊಳಗೆ ಮುಗಿದದ್ದೇ ಇಲ್ಲ. ಐದು ಜನ ಕೂತರೆ ಸರದಿ ಬರುವಷ್ಟರಲ್ಲಿ ಕಾಫಿ ಆರುತ್ತದೆ. ಇಬ್ಬರು ಮೂವರಿಗೆ ಹೇಳಿ ಮಾಡಿಸಿದಂತಿದೆ. ಊಟದ ಮೇಜು ಸಾಲುವುದಿಲ್ಲ, ಚಾಪೆ ಹಾಸಿ ಆಡಿ. ಜುಲೈಯ ಥಂಡಿಗೆ ಬಿಲ್ಲೆಗಳು ಹಪ್ಪಳದಂತೆ ಅಂಚು ಎತ್ತುತ್ತವೆ. ಮಾತ್ರೆ ಡಬ್ಬಿಯಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಒಳಗೆ ಹಾಕಿಟ್ಟ ಮೇಲೆ ಪರವಾಗಿಲ್ಲ. ಕಳೆದುಹೋದ ಒಂದು ನೀಲಿ ಕಾಯಿಯ ಜಾಗದಲ್ಲಿ ಹುಣಸೆಬೀಜ ದುಡಿಯುತ್ತಿದೆ.

ಎರಡನೆಯ ವರ್ಷ 'ಇನ್ಸ್ ಆ್ಯಂಡ್ ಕ್ಯಾಥೆಡ್ರಲ್ಸ್' ಎಂಬ ವಿಸ್ತರಣೆ ತಂದೆವು: 18 ಬಿಲ್ಲೆ, ಆರನೆಯವರಿಗೂ ಕಾಯಿ. ಕ್ಯಾಥೆಡ್ರಲ್, ಅಂದರೆ ದೊಡ್ಡ ಚರ್ಚಿನ ಬಿಲ್ಲೆ, ಇರುವ ಕೋಟೆ ಪೂರ್ತಿಯಾದರೆ ಬಿಲ್ಲೆಗೆ ಮೂರು ಅಂಕ, ಆಗದಿದ್ದರೆ ಏನೂ ಇಲ್ಲ. ಅಮ್ಮ ಅದನ್ನು ತಮ್ಮ ಕೋಟೆಗಲ್ಲ, ಇನ್ನೊಬ್ಬರ ಕೋಟೆಗೇ ಇಡುವುದು. ಇನ್ನೂ ಹೆಚ್ಚಿನ ವಿಸ್ತರಣೆ ನಮಗೆ ಬೇಕೆನಿಸಿಲ್ಲ.

ಮಗಳಿಗೆ ಈಗ ಹನ್ನೊಂದು. ಮೂಲ ಪೆಟ್ಟಿಗೆಯಲ್ಲಿ ಮಠ ಆರು, ನಾಲ್ಕೂ ಕಡೆ ಕೋಟೆಯಿರುವ ಬಿಲ್ಲೆ ಒಂದೇ ಒಂದು ಎಂದೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾಳೆ. ಮೊನ್ನೆ ವಿಸ್ತರಣೆ ಬಿಟ್ಟು ಆಡಿದಾಗ ಅಮ್ಮನ ಕೋಟೆಯ ನಡುವೆ, ನಾಲ್ಕೂ ಕಡೆ ಕೋಟೆಯೇ ಇರುವ ಒಂದು ಸಂದಿ ಉಳಿಯುವಂತೆ ಮಾಡಿದಳು. ಹೊಂದುವ ಆ ಒಂದು ಬಿಲ್ಲೆ ಆಗಲೇ ಆಚೆ ಮೂಲೆಯಲ್ಲಿ ಬಿದ್ದಿತ್ತು. ಒಳಗೆ ಅಮ್ಮನ ಮೂರು ಕಾಯಿ. ಅಮ್ಮ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಉಳಿದ ಬಿಲ್ಲೆಗಳನ್ನು ಒಂದೊಂದಾಗಿ ಎಣಿಸತೊಡಗಿದರು.