ಹಾಸನದಲ್ಲಿ ನೀರು 97ಕ್ಕೇ ಕುದಿಯಿತು: ಒಂದು ಸೈನ್ಸ್ ಕಿಟ್ ತರಿಸಿದ ಕಥೆ

ಮಗಳು ಎಂಟನೇ ಕ್ಲಾಸು, ಇಲ್ಲೇ ಹಾಸನದಲ್ಲಿ ಕನ್ನಡ ಮಾಧ್ಯಮ. ರಜೆಯಲ್ಲಿ ಮೊಬೈಲ್ ಬಿಡಿಸೋಣ ಅಂತ ಆನ್‌ಲೈನ್‌ನಲ್ಲಿ ಒಂದು ಸೈನ್ಸ್ ಕಿಟ್ ತರಿಸಿದೆ. 2,499 ರೂಪಾಯಿ. ಡಬ್ಬದ ಮೇಲೆ ‘101 ಪ್ರಯೋಗಗಳು’ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಎರಡು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ, ಡಬ್ಬ ಬಿಚ್ಚಿದ ದಿನವೇ ಐದು ಸ್ಟಾರ್ ಒತ್ತಿದವರ ತರ ಅಲ್ಲ. ಕಂಪನಿ ಹೆಸರು ಹಾಕುವುದಿಲ್ಲ, ಇದೇ ಡಬ್ಬ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ.

ಮೊದಲು ಬೇಜಾರಾಗಿದ್ದು ಜೊತೆಗೆ ಬಂದ ಪುಸ್ತಕ. ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಮಗಳಿಗೆ ಆಮ್ಲ, ಪ್ರತ್ಯಾಮ್ಲ, ದ್ರಾವಣ ಗೊತ್ತು, ಇಂಗ್ಲಿಷ್ ಹೆಸರು ಕಂಡರೆ ನನ್ನ ಮುಖ ನೋಡುತ್ತಾಳೆ. ಅದು ಬಿಡಿ, ಹೇಗೋ ಹೇಳಿಕೊಟ್ಟೆ. ಆದರೆ ಆ ಪುಸ್ತಕದಲ್ಲಿ ಪ್ರತಿ ಪ್ರಯೋಗದ ಕೆಳಗೆ ಏನಾಗುತ್ತದೆ, ಯಾಕಾಗುತ್ತದೆ ಎಲ್ಲಾ ಮೊದಲೇ ಬರೆದಿದೆ, ಬಣ್ಣದ ಫೋಟೋ ಬೇರೆ. ಉತ್ತರ ನೋಡಿಕೊಂಡು ಮಾಡುವುದಾದರೆ ಮಾಡುವುದು ಯಾಕೆ? ಮೊದಲ ವಾರ ಅವಳು ಹತ್ತು ಪ್ರಯೋಗ ಮುಗಿಸಿ, ಹತ್ತಕ್ಕೂ ಟಿಕ್ ಹಾಕಿ, ವಾಪಸ್ ಮೊಬೈಲ್ ಹಿಡಿದು ಕೂತಳು. ಅದರಲ್ಲಿ ನಾಲ್ಕು ಸುಮ್ನೆ ಕಾಗದ ಮಡಚುವುದು.

ನಮ್ಮ ಪಿಯುಸಿ ಲ್ಯಾಬ್ ನೆನಪಾಯಿತು. ಲೋಲಕ ತೂಗಾಡಿಸಿ ಗುರುತ್ವ ಕಂಡುಹಿಡಿಯುವ ಪ್ರಯೋಗ. ಉತ್ತರ ಸೆಂಟಿಮೀಟರ್ ಲೆಕ್ಕದಲ್ಲಿ 980 ಬರಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ನಾವು 980 ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬುತ್ತಿದ್ದೆವು. ಸೀನಿಯರ್‌ಗಳ ರೆಕಾರ್ಡ್ ಬುಕ್ ಸಿಕ್ಕಿದರೆ ಅದೂ ಬೇಕಿರಲಿಲ್ಲ. ಈಗ ಪಿಯುಸಿಯಲ್ಲಿ ಪ್ರಾಕ್ಟಿಕಲ್‌ಗೆ 30 ಅಂಕ ಇದೆ. ಅಂಕಕ್ಕೋಸ್ಕರ ಮಾಡಿದ ಲ್ಯಾಬ್‌ನಲ್ಲಿ ನಾನು ಕಲಿತಿದ್ದು ಪೆನ್ಸಿಲ್‌ನಲ್ಲಿ ನೀಟಾಗಿ ಚಿತ್ರ ಬರೆಯುವುದು ಒಂದೇ.

ಸರಿ, ಎರಡನೇ ವಾರ ಪುಸ್ತಕ ಎತ್ತಿ ಬೀರುವಿನ ಮೇಲಿಟ್ಟೆ. ಸಾಮಾನು ಮಾತ್ರ ಅವಳ ಕೈಗೆ ಕೊಟ್ಟೆ. ಕೊಟ್ಟ ಕಾಸು ಗಿಟ್ಟೋಕೆ ಶುರುವಾಗಿದ್ದು ಆಗ.

ಥರ್ಮಾಮೀಟರ್‌ನಿಂದ ಶುರು ಮಾಡುತ್ತೇನೆ. ಕೆಂಪು ದ್ರವದ್ದು, 110 ಡಿಗ್ರಿವರೆಗೆ ಗೆರೆ ಇದೆ. ಗ್ಯಾಸ್ ಒಲೆ ಮೇಲೆ ನೀರಿಟ್ಟೆವು, ನಾನು ಪಕ್ಕದಲ್ಲೇ ನಿಂತಿದ್ದೆ. ನೀರು ಕೊತಕೊತ ಕುದಿಯುತ್ತಿದೆ, ಕೆಂಪು ಗೆರೆ ಮಾತ್ರ 97ಕ್ಕೆ ನಿಂತುಬಿಟ್ಟಿತು. ಉರಿ ಜಾಸ್ತಿ ಮಾಡಿದರೂ ಜಗ್ಗಲಿಲ್ಲ. “ಅಮ್ಮ, ಥರ್ಮಾಮೀಟರ್ ಕೆಟ್ಟೋಗಿದೆ, ವಾಪಸ್ ಕಳ್ಸು” ಅಂದಳು. ನಾನೂ ಹಾಗೇ ಅಂದುಕೊಂಡು ಕಸ್ಟಮರ್ ಕೇರ್‌ಗೆ ಮೆಸೇಜ್ ಹಾಕಿದೆ. ಅವರು ಮೂರು ದಿನ ಬಿಟ್ಟು ‘ಪುಸ್ತಕದ ಪುಟ 14 ನೋಡಿ’ ಅಂದರು. ಪುಟ 14ರಲ್ಲಿ ನೀರು 100ಕ್ಕೆ ಕುದಿಯುತ್ತದೆ ಅಂತಿದೆ!

ಅಷ್ಟರಲ್ಲಿ ಮಗಳೇ ಒಂದು ಉಪಾಯ ಮಾಡಿದ್ದಳು. ಫ್ರಿಜ್‌ನಿಂದ ಐಸ್ ತೆಗೆದು, ಸ್ವಲ್ಪ ನೀರು ಹಾಕಿ, ಅದರೊಳಗೆ ಥರ್ಮಾಮೀಟರ್ ಇಟ್ಟಳು. ಸರಿಯಾಗಿ ಸೊನ್ನೆ. ಕೆಳಗೆ ಸರಿ ಇದ್ದು ಮೇಲೆ ತಪ್ಪು ಹೇಗೆ? ಥರ್ಮಾಮೀಟರ್‌ನ ತುದಿಯ ಬುಂಡೆ ಪಾತ್ರೆ ತಳಕ್ಕೆ ತಾಗಿರಬಹುದು ಅಂತ ಎತ್ತಿ ಹಿಡಿದು ನೋಡಿದಳು, ಬೇರೆ ಪಾತ್ರೆ ಇಟ್ಟಳು, ನಲ್ಲಿ ನೀರು ಬಿಟ್ಟು ಫಿಲ್ಟರ್ ನೀರು ಇಟ್ಟಳು. ಮತ್ತೆ ಮತ್ತೆ 97. ಆಮೇಲೆ ಮಂಗಳೂರಿನಲ್ಲಿರುವ ನಮ್ಮಕ್ಕನ ಮನೆಗೆ ಹೋಗುವಾಗ ಥರ್ಮಾಮೀಟರನ್ನು ಟವಲ್‌ನಲ್ಲಿ ಸುತ್ತಿಕೊಂಡಳು. ಶಿರಾಡಿ ಘಾಟಿ ಇಳಿದು, ಬ್ಯಾಗ್ ಇಟ್ಟವಳೇ “ದೊಡ್ಡಮ್ಮ, ಒಲೆ ಖಾಲಿ ಇದ್ಯಾ?” ಅಂತ ಕೇಳಿದಳು. ಅಲ್ಲಿ 100ರ ಗೆರೆ ಹತ್ತಿರ ಹೋಗಿ ನಿಂತಿತು. ಅದೇ ಥರ್ಮಾಮೀಟರ್!

ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಹೆಚ್ಚುಕಡಿಮೆ 300 ಮೀಟರ್‌ಗೆ ಒಂದು ಡಿಗ್ರಿ ಮೊದಲೇ ನೀರು ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯಿಸಲು ಇಲ್ಲಿ ಜಾಸ್ತಿ ಹೊತ್ತು ಹಿಡಿಯುವುದಕ್ಕೂ, ಕುಕ್ಕರ್ ಒಳಗೆ ಬೇಗ ಬೇಯುವುದಕ್ಕೂ ಕಾರಣ ಈ ಒತ್ತಡವೇ. ಇಷ್ಟು ವರ್ಷ ಅಡುಗೆ ಮಾಡಿದ್ದೇನೆ, ನನಗೇ ಹೊಳೆದಿರಲಿಲ್ಲ. ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿ 93, 94 ಬರಬೇಕು ಅಂತ ಅವಳು ನೋಟ್‌ಬುಕ್‌ನಲ್ಲಿ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದಾಳೆ.

ಇನ್ನು ಸುಣ್ಣದ ಪೊಟ್ಟಣ. ಸುಣ್ಣದ ತಿಳಿನೀರಿಗೆ ಸ್ಟ್ರಾ ಹಾಕಿ ಊದಿದರೆ ಉಸಿರಿನ ಕಾರ್ಬನ್ ಡೈಆಕ್ಸೈಡ್‌ಗೆ ಹಾಲಿನ ತರ ಆಗಬೇಕು. ಕಿಟ್‌ನ ಪುಡಿ ಕದಡಿ, ತಿಳಿ ಬಸಿದು ಊದಿದರೆ ಏನೂ ಇಲ್ಲ. ಪೊಟ್ಟಣದ ಅಂಟು ಬಿಟ್ಟಿತ್ತು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಪುಡಿ ಮೊದಲೇ ಸತ್ತಿತ್ತು, ಅಂದರೆ ನೀರಲ್ಲಿ ಕರಗದ ಕಾರ್ಬೊನೇಟ್ ಆಗಿಬಿಟ್ಟಿತ್ತು. ನಮ್ಮತ್ತೆ ಎಲೆ ಅಡಿಕೆ ಡಬ್ಬಿಯಿಂದ ಒಂದು ಚಿಟಿಕೆ ಸುಣ್ಣ ಕೊಟ್ಟರು. ಅದು ಮೊದಲ ಸಲಕ್ಕೇ ಬೆಳ್ಳಗಾಯಿತು. (ಸುಣ್ಣದ ನೀರು ಬಾಯಿಗೆ ಎಳೆದುಕೊಳ್ಳದ ಹಾಗೆ ನೋಡಿಕೊಳ್ಳಿ, ಕಣ್ಣಿಗಂತೂ ಹಾರಲೇಬಾರದು. ಕಿಟ್‌ನಲ್ಲಿ ಕೊಟ್ಟ ಕನ್ನಡಕ ನನ್ನ ಮಗಳ ಮೂಗಿನ ಮೇಲೆ ನಿಲ್ಲುವುದೇ ಇಲ್ಲ.)

ಕಿಟ್‌ನ ಪುಸ್ತಕ ‘ಬೆಳ್ಳಗಾಯಿತು’ ಅನ್ನುವಲ್ಲಿಗೆ ಮುಗಿಯುತ್ತದೆ. ಇವಳು ತಿಳಿಗೆ ಇನ್ನಷ್ಟು ನೀರು ಬೆರೆಸಿ, ಹಟಕ್ಕೆ ಬಿದ್ದವಳಂತೆ ಊದುತ್ತಲೇ ಇದ್ದಳು. ಸುಮಾರು ಹೊತ್ತಾದ ಮೇಲೆ ಬಿಳಿ ಮಾಯವಾಗಿ ನೀರು ಮತ್ತೆ ತಿಳಿಯಾಯಿತು. ಅದನ್ನು ಕಾಯಿಸಿದರೆ ಮತ್ತೆ ಬಿಳಿ! ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿ ಪದರ ಇದೇ, ಬೋರ್‌ವೆಲ್ ನೀರಲ್ಲಿ ಕರಗಿಕೊಂಡು ಬಂದ ಸುಣ್ಣ ಕಾಯಿಸಿದಾಗ ಹೀಗೆ ಈಚೆ ಬರುತ್ತದೆ. ಹಂಡೆ ಉಜ್ಜುವವಳು ನಾನು, ಹಾಗಾಗಿ ಈ ಪಾಠ ನನಗೇ ಜಾಸ್ತಿ ನಾಟಿತು.

ಅರಿಶಿನದ ಸೂಚಕ ಕಾಗದ ಅಂತ ಒಂದು ಚೀಟಿ ಕಟ್ಟು ಇದೆ. ಅತ್ತೆ ನೋಡಿ, “ಅಲ್ಲ ಕಣೆ, ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗುತ್ತೆ ಅಂತ ತಿಳ್ಕೊಳ್ಳೋಕೆ ದುಡ್ಡು ಕೊಟ್ರಾ? ಆರತಿ ನೀರು ನೋಡಿಲ್ವಾ?” ಅಂದರು. ಉತ್ತರ ಕೊಡಲು ಬಾಯಿ ಬರಲಿಲ್ಲ. ಹುಳಿ ಎಷ್ಟು ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದ ಮಾತ್ರ ಉಪಯೋಗಕ್ಕೆ ಬಂತು (7ಕ್ಕಿಂತ ಕೆಳಗಿದ್ದರೆ ಹುಳಿ). ಸಕಲೇಶಪುರದ ಕಡೆ ಇರುವ ನನ್ನ ತಮ್ಮನ ಕಾಫಿ ತೋಟದ ಮಣ್ಣು ತಂದು, ನೀರಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯಲ್ಲಿ ಅದ್ದಿದಳು. ಕದಡಿದ ತಕ್ಷಣ ಅದ್ದಿದರೆ ಮಣ್ಣಿನ ಬಣ್ಣವೇ ಕಾಗದಕ್ಕೆ ಹತ್ತುತ್ತದೆ, ಅದು ಮೊದಲ ಸಲ ಕೆಟ್ಟಿದ್ದರಿಂದ ಗೊತ್ತಾಯಿತು. 5ರ ಹತ್ತಿರದ ಬಣ್ಣ ಬಂತು. “ಮಾವ, ನಿನ್ನ ಮಣ್ಣು ಹುಳಿ” ಅಂತ ಫೋನ್ ಮಾಡಿದಳು. ಹುಳಿ ತಗ್ಗಿಸಲು ಹಾಕುವ ಸುಣ್ಣ ಹಾಕಿ ಮೂರು ವರ್ಷ ಆಯ್ತು ಅಂತ ಅವನು ಒಪ್ಪಿಕೊಂಡ. ಅಂದಾಜಿಗೆ ಈ ಕಾಗದ ಸಾಕು, ಇದನ್ನೇ ನಂಬಿ ತೋಟಕ್ಕೆ ಸುಣ್ಣ ಸುರಿಯಬೇಡಿ.

ಮೈಕ್ರೋಸ್ಕೋಪ್ ಬಗ್ಗೆ ಜಾಸ್ತಿ ಹೇಳಲ್ಲ. ‘1200 ಪಟ್ಟು’ ಅಂತ ಬರೆದಿದ್ದಾರೆ, ಪ್ಲಾಸ್ಟಿಕ್ ಲೆನ್ಸು. 100ರಲ್ಲಿ ಈರುಳ್ಳಿ ಸಿಪ್ಪೆಯ ಕೋಶ ಚೆನ್ನಾಗಿ ಕಾಣುತ್ತದೆ, ಅದರ ಮೇಲೆ ಬರೀ ಮಂಜು. ಕಾಲೇಜಿನ ಒಳ್ಳೆ ಮೈಕ್ರೋಸ್ಕೋಪ್‌ಗಳಲ್ಲೂ 1000 ಪಟ್ಟು ನೋಡಬೇಕಾದರೆ ಲೆನ್ಸಿಗೂ ಗಾಜಿಗೂ ನಡುವೆ ಎಣ್ಣೆ ಹಾಕುತ್ತಾರೆ. ಸ್ಪಿರಿಟ್ ಲ್ಯಾಂಪ್ ಕೊಟ್ಟಿದ್ದಾರೆ, ಸ್ಪಿರಿಟ್ ಇಲ್ಲ. ಟೆಸ್ಟ್ ಟ್ಯೂಬುಗಳು ಗಟ್ಟಿ ಇವೆ, ಎರಡು ಸಲ ಕೆಳಗೆ ಬಿದ್ದರೂ ಒಡೆದಿಲ್ಲ.

ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಶುರುವಾಗಿತ್ತು. ಕಡಿಮೆ ಬೆಲೆಯ ಸಾಮಾನಿನ ಕಿಟ್, ಮಕ್ಕಳೇ ಮಾಡಿ ನೋಡಬೇಕು. ಅವರ ಪುಸ್ತಕದಲ್ಲಿ ಪ್ರಶ್ನೆ ಇರುತ್ತಿತ್ತು, ಉತ್ತರ ಇರುತ್ತಿರಲಿಲ್ಲ. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಈ ಕಂಪನಿಯವರು ಆ ಒಂದು ವಿಷಯ ಕಲಿತಿದ್ದರೆ, ಬಣ್ಣದ ಫೋಟೋಗಳ ಖರ್ಚಾದರೂ ಉಳಿಯುತ್ತಿತ್ತು ಅಲ್ವಾ.

ತಗೋಬೇಕಾ ಅಂತ ಕೇಳಿದರೆ, ಥರ್ಮಾಮೀಟರ್, ನಾಲ್ಕು ಟೆಸ್ಟ್ ಟ್ಯೂಬ್, ಪಿಎಚ್ ಕಾಗದ, ಒಂದು ಭೂತಗನ್ನಡಿ ಬಿಡಿಯಾಗಿ ತಗೊಳ್ಳಿ, ಮಿಕ್ಕಿದ್ದು ಅಡುಗೆಮನೆಯಲ್ಲಿದೆ. ಆಗಲೇ ಡಬ್ಬ ತರಿಸಿಬಿಟ್ಟಿದ್ದರೆ ಪುಸ್ತಕ ಬಚ್ಚಿಡಿ. ನಾನು ಐದಕ್ಕೆ ಎರಡೂವರೆ ಕೊಟ್ಟಿದ್ದೇನೆ. ಎರಡು ಸ್ಟಾರ್ ಥರ್ಮಾಮೀಟರ್‌ಗೆ, ಅರ್ಧ ಸ್ಟಾರ್ ಒಡೆಯದ ಟೆಸ್ಟ್ ಟ್ಯೂಬುಗಳಿಗೆ.