ಕಿಮೋ ನಡೆಯುತ್ತಿರುವಾಗ ರಾಜೀನಾಮೆ ಕೇಳಿದರೆ ಕೊಡಬೇಡಿ

ಚಿಕಿತ್ಸೆಯಲ್ಲಿರುವ ಹುಡುಗನಿಂದ ಕಂಪನಿಯವರು ರಾಜೀನಾಮೆ ಬರೆಸಿಕೊಂಡರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಮನೆಯವರು ನೋಡಿ ಆಯಿತು. ಇನ್ನೊಂದು ಮನೆಗೆ ಈ ಗತಿ ಬರದಿರಲಿ ಅಂತ ಬರೆಯುತ್ತಿದ್ದೇನೆ. ದೂರು ಇನ್ನೂ ನಡೆಯುತ್ತಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ನನ್ನ ತಮ್ಮನಿಗೆ 24 ವರ್ಷ. ಡಿಪ್ಲೊಮಾ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದ. ಬಿಡದ ಜ್ವರ, ವಸಡಿನಲ್ಲಿ ರಕ್ತ. ಪರೀಕ್ಷೆ ಮಾಡಿಸಿದರೆ ಎಎಲ್‌ಎಲ್, ಅಂದರೆ ರಕ್ತದ ಕ್ಯಾನ್ಸರ್. ಆಪರೇಷನ್ ಮಾಡಿ ಮನೆಗೆ ಕಳಿಸುವ ಕಾಯಿಲೆಯಲ್ಲ ಇದು. ಮೊದಲ ಕೆಲವು ತಿಂಗಳು ಗಟ್ಟಿ ಕಿಮೋ, ಬೆನ್ನಿನಿಂದ ಕೊಡುವ ಇಂಜೆಕ್ಷನ್, ಆಮೇಲೆ ವರ್ಷಗಟ್ಟಲೆ ಮಾತ್ರೆ. ಒಟ್ಟು ಎರಡೂವರೆ, ಮೂರು ವರ್ಷ ಹಿಡಿಯುತ್ತದೆ. ಅಷ್ಟೂ ಕಾಲ ದುಡ್ಡು ಹೋಗುತ್ತಲೇ ಇರುತ್ತದೆ, ಬರುವುದು ಮಾತ್ರ ಮೊದಲ ತಿಂಗಳಲ್ಲೇ ನಿಂತುಹೋಗುತ್ತದೆ.

ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಮೂರು ಲಕ್ಷದ್ದು. ಖಾಸಗಿ ಆಸ್ಪತ್ರೆಯಲ್ಲಿ ಮೊದಲ ಡಿಸ್ಚಾರ್ಜ್ ಆಗುವಷ್ಟರಲ್ಲಿ ಅದು ಖಾಲಿ. ಬಿಳಿ ರಕ್ತಕಣ ಇಳಿದು ಇನ್‌ಫೆಕ್ಷನ್ ಆಯಿತು, ಬೇರೆ ರೂಮು ಬೇಕಾಯಿತು, ಪ್ಲೇಟ್‌ಲೆಟ್ ಮೇಲೆ ಪ್ಲೇಟ್‌ಲೆಟ್ ಏರಿಸಿದರು. ಪಾಲಿಸಿಯಲ್ಲಿ ರೂಮಿನ ಬಾಡಿಗೆಗೆ ದಿನಕ್ಕೆ ಮೂರು ಸಾವಿರದ ಮಿತಿ ಇತ್ತು. ರೂಮಿನ ದರ ಅದಕ್ಕಿಂತ ಹೆಚ್ಚು ಅಂತ ಡಾಕ್ಟರ ಫೀಸು, ನರ್ಸಿಂಗ್ ಎಲ್ಲದರಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿ ಹಾಕಿದರು. ಔಷಧಿ ಮತ್ತು ಪರೀಕ್ಷೆಗಳ ಬಿಲ್ಲಿನಲ್ಲಿ ಹೀಗೆ ಕಡಿತ ಮಾಡುವಂತಿಲ್ಲ. ಲೆಕ್ಕದ ಹಾಳೆ ಕೇಳಿ ಪಡೆದು ಸಾಲು ಸಾಲಾಗಿ ಓದಿ.

ಆದರೂ ಒಂದು ಧೈರ್ಯ ಇತ್ತು. ಏಪ್ರಿಲ್‌ನಲ್ಲಿ ಪಾಲಿಸಿ ರಿನ್ಯೂ ಆದರೆ ಮೂರು ಲಕ್ಷ ಮತ್ತೆ ಹೊಸದಾಗಿ ಸಿಗುತ್ತದೆ. ಅಲ್ಲಿಯವರೆಗೆ ಅವನ ಹೆಸರು ಕಂಪನಿಯ ರಿಜಿಸ್ಟರಿನಲ್ಲಿ ಇದ್ದರೆ ಸಾಕಿತ್ತು, ಸಂಬಳ ಬರದಿದ್ದರೂ ಪರವಾಗಿರಲಿಲ್ಲ.

ಮಾರ್ಚಿನಲ್ಲಿ ಎಚ್‌ಆರ್‌ನಿಂದ ಫೋನ್. ನಮಗಲ್ಲ, ಅವನಿಗೆ. ವಾರ್ಡಿನಲ್ಲಿ ಮಲಗಿದ್ದಾನೆ, ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯುತ್ತಿಲ್ಲ. "ರಜೆ ಎಲ್ಲಾ ಮುಗೀತು, ಎಷ್ಟು ದಿನ ಅಂತ ಲಾಸ್ ಆಫ್ ಪೇ ತೋರಿಸೋದು? ನೀವೇ ರಿಸೈನ್ ಮಾಡಿಬಿಡಿ, ಹುಷಾರಾದ ಮೇಲೆ ವಾಪಸ್ ತಗೋತೀವಿ. ನೋಟಿಸ್ ಪೀರಿಯಡ್ ಕೂಡ ಬೇಡ, ಮನ್ನಾ ಮಾಡ್ತೀವಿ." 'ವೈಯಕ್ತಿಕ ಕಾರಣಗಳಿಂದ' ಅಂತ ಬರೆಯಲು ಹೇಳಿದ್ದೂ ಅವರೇ. ತಮ್ಮ ತನ್ನ ಮೊಬೈಲಿನಿಂದಲೇ ಮೇಲ್ ಕಳಿಸಿದ. ಸಂಜೆಯೊಳಗೆ ಒಪ್ಪಿಗೆ ಬಂತು.

ಆ ನೋಟಿಸ್ ಮನ್ನಾ ಇದೆಯಲ್ಲ, ದೊಡ್ಡ ಉಪಕಾರದ ಹಾಗೆ ಹೇಳಿದ್ದು, ಹೊಡೆತ ಇದ್ದದ್ದು ಅಲ್ಲೇ. ಕೊನೆಯ ಕೆಲಸದ ದಿನಕ್ಕೆ ಗ್ರೂಪ್ ಇನ್ಶೂರೆನ್ಸ್ ಮುಗಿಯುತ್ತದೆ. ಎರಡು ತಿಂಗಳ ನೋಟಿಸ್ ಉಳಿಸಿದ್ದರೆ ಏಪ್ರಿಲ್ ದಾಟುತ್ತಿತ್ತು. ಮುಂದಿನ ಕಿಮೋಗೆ ಅಡ್ಮಿಟ್ ಮಾಡಲು ಹೋದಾಗ ಇನ್ಶೂರೆನ್ಸ್ ಕೌಂಟರಿನವನು ಕಂಪ್ಯೂಟರ್ ನೋಡಿ, "ಹೆಸರು ತೆಗೆದಿದಾರೆ ಮೇಡಂ, ಡೆಪಾಸಿಟ್ ಕಟ್ಟಿ" ಅಂದ. ಅಮ್ಮನ ಸರ ಬ್ಯಾಂಕಿಗೆ ಹೋಯಿತು. ಅಪ್ಪ ಅಡಿಕೆ ಮಂಡಿಯಲ್ಲಿ ಮುಂದಿನ ಕೊಯ್ಲಿನ ಮೇಲೆ ದುಡ್ಡು ಎತ್ತಿದರು.

ಹೊಸ ಪಾಲಿಸಿ ಮಾಡಿಸೋಣ ಅಂತ ಓಡಾಡಿದೆವು. ಚಿಕಿತ್ಸೆ ನಡೆಯುತ್ತಿದೆ ಅಂದ ಕೂಡಲೇ ಎಲ್ಲರೂ ಕೈಯೆತ್ತಿದರು. ಕೊಟ್ಟಿದ್ದರೂ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಒಬ್ಬ ಏಜೆಂಟ್ ಮಾತ್ರ, "ಫಾರಂನಲ್ಲಿ ಕಾಯಿಲೆ ಬರೆಯೋದೇ ಬೇಡ" ಅಂದ. ಇಂಥವರನ್ನು ಗೇಟಿನ ಒಳಗೆ ಬಿಡಬೇಡಿ. ಕ್ಲೇಮಿನ ಹೊತ್ತಿಗೆ ಹಳೇ ರಿಪೋರ್ಟ್ ಹೊರಗೆ ಬರುತ್ತದೆ, ಪಾಲಿಸಿಯೂ ಪ್ರೀಮಿಯಮ್ಮೂ ಎರಡೂ ಹೋಗುತ್ತವೆ.

ಹಾಗಾಗಿ ರಾಜೀನಾಮೆ ಕೇಳಿದರೆ ಕೊಡಬೇಡಿ. ಸಂಬಳವಿಲ್ಲದ ರಜೆ ಕೇಳಿ, ಹೆಸರು ಪಾಲಿಸಿಯಲ್ಲಿ ಉಳಿಸಿ ಅಂತ ಕೇಳಿ, ಬೇಕಾದರೆ ಪ್ರೀಮಿಯಂ ನಾವೇ ಕಟ್ಟುತ್ತೇವೆ ಅನ್ನಿ. ಎಲ್ಲವೂ ಮೇಲ್‌ನಲ್ಲಿ. ಕೆಲಸ ಬಿಡಲೇಬೇಕಾದರೆ ಪಾಲಿಸಿ ಇರುವಾಗಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಲು ಅರ್ಜಿ ಹಾಕಿ. ಒಪ್ಪುತ್ತಾರೆ ಅಂತ ಖಾತ್ರಿಯಿಲ್ಲ, ಹೆಸರು ತೆಗೆದ ಮೇಲಂತೂ ಕೇಳುವವರೇ ಇಲ್ಲ. ಸಂಬಳ 21,000 ರೂ. ಒಳಗಿದ್ದು ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಕಟ್ಟುತ್ತಿದ್ದರೆ ನಿಮ್ಮ ದಾರಿಯೇ ಬೇರೆ: ಎರಡು ವರ್ಷ ಸೇವೆ ಆಗಿರುವವರಿಗೆ ಕ್ಯಾನ್ಸರಿನಂಥ ಕಾಯಿಲೆಯಲ್ಲಿ ಸಂಬಳದ ಶೇ 80ರಷ್ಟು ಎರಡು ವರ್ಷದವರೆಗೆ ಸಿಗುತ್ತದೆ. ತಮ್ಮನ ಸಂಬಳ ಆ ಮಿತಿಗಿಂತ ಸ್ವಲ್ಪ ಮೇಲಿತ್ತು.

ರೇಷನ್ ಕಾರ್ಡ್ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ನಮ್ಮಂಥ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಮೊದಲು ಕೈಯಿಂದ ಕಟ್ಟಿ ಆಮೇಲೆ ಬಿಲ್ ತೋರಿಸಿ ವಾಪಸ್ ಪಡೆಯುವ ಯೋಜನೆ ಇದಲ್ಲ. ಅಡ್ಮಿಟ್ ಆಗುವ ಮುಂಚೆಯೇ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ರೆಫರಲ್ ಪತ್ರ ಮಾಡಿಸಿಕೊಳ್ಳಿ.

ಕೊನೆಗೆ ನಾವು ಹೋದದ್ದು ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಗೆ. ಜನಜಂಗುಳಿ, ಬೆಳಗಾಗುವ ಮೊದಲೇ ಸಾಲು. ಆದರೆ ಬಿಲ್ ನೋಡಿ ಅಪ್ಪ, "ಇಷ್ಟೇನಾ?" ಅಂತ ಎರಡೆರಡು ಸಲ ಕೇಳಿದರು. ನಡುವೆ ಆಸ್ಪತ್ರೆ ಬದಲಿಸುವುದು ಸುಲಭವಲ್ಲ, ಯಾವ ಔಷಧಿ ಎಷ್ಟು ಹೋಗಿದೆ ಅನ್ನುವ ಪೂರ್ತಿ ದಾಖಲೆ ಅಲ್ಲಿ ಕೇಳುತ್ತಾರೆ. ಹಳೇ ಆಸ್ಪತ್ರೆಯವರು ಇವತ್ತು ನಾಳೆ ಅಂತ ಸತಾಯಿಸಿದರು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅನ್ನುವ ನಿಯಮ ವೈದ್ಯರಿಗಿದೆ. ಅದನ್ನು ಅರ್ಜಿಯಲ್ಲೇ ಬರೆದು ಸೀಲ್ ಹಾಕಿಸಿಕೊಂಡ ಮೇಲೆ ಫೈಲು ಬಂತು.

ಓಡಾಟಕ್ಕೆ ರೈಲು ಹಿಡಿಯಿರಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ದರ ಪೂರ್ತಿ ಮಾಫಿ, ಜೊತೆಗಿರುವವರಿಗೆ ಶೇ 75 ರಿಯಾಯಿತಿ. ಅದರ ಫಾರಂಗೆ ಆಸ್ಪತ್ರೆಯ ಸಹಿ ಬೇಕು. ಎಷ್ಟೋ ಮಂದಿ ಇದು ಗೊತ್ತಿಲ್ಲದೆ ಬಾಡಿಗೆ ಕಾರಿಗೆ ಸುರಿಯುತ್ತಾರೆ.

ತಮ್ಮ ಈಗ ಮಾತ್ರೆಯ ಹಂತದಲ್ಲಿದ್ದಾನೆ. ಕಾರ್ಮಿಕ ಇಲಾಖೆಗೆ ಒತ್ತಾಯದ ರಾಜೀನಾಮೆ ಅಂತ ದೂರು ಕೊಟ್ಟಿದ್ದೇವೆ. ಕಂಪನಿಯವರು ಅದೇ 'ವೈಯಕ್ತಿಕ ಕಾರಣ'ದ ಮೇಲ್ ತೋರಿಸುತ್ತಾರೆ, ನಮ್ಮ ಕೈಯಲ್ಲಿ ಇರುವುದು ಫೋನ್ ಬಂದ ಸಮಯದ ಸ್ಕ್ರೀನ್‌ಶಾಟ್ ಒಂದೇ. ನಿಮ್ಮ ಮನೆಯಲ್ಲಿ ಯಾರಾದರೂ ವಾರ್ಡಿನಲ್ಲಿದ್ದರೆ ಅವರ ಮೊಬೈಲ್ ನೀವು ಇಟ್ಟುಕೊಳ್ಳಿ. ಎಚ್‌ಆರ್ ಕರೆ ಬಂದರೆ, "ಏನಿದ್ರೂ ಮೇಲ್ ಹಾಕಿ, ಮನೆಯವರು ಉತ್ತರ ಕೊಡ್ತೀವಿ" ಅಂದು ಇಟ್ಟುಬಿಡಿ.